ಆ ಮೂರಕ್ಷರ ನಮಗೆ ವಾಪಸ್ ಕೊಡಿ

ಕಲಬುರಗಿ, ಬೀದರ್, ಯಾದಗಿರಿಯ ಪತ್ರಿಕೆಗಳ ಸಂಪಾದಕರಿಗೆ, ಡೆಸ್ಕ್‌ನಲ್ಲಿ ಕೂತಿರುವ ಗೆಳೆಯರಿಗೆ, ಟಿವಿ ಮತ್ತು ಯೂಟ್ಯೂಬ್ ಚಾನೆಲ್‌ನವರಿಗೆ,

ಶರಣು.

ಪತ್ರ ಹೀಗೆ ಶುರು ಮಾಡಿದರೆ ನಮ್ಮ ಕಡೆ ಯಾರಿಗೂ ವಿಚಿತ್ರ ಅನ್ನಿಸಲ್ಲ. ಬಸ್ ಸ್ಟ್ಯಾಂಡಿನಲ್ಲಿ ಪರಿಚಯದವರು ಸಿಕ್ಕರೆ ‘ಶರಣ್ರೀ’ ಅಂತೀವಿ. ಅವರೂ ಕೈ ಎತ್ತಿ ‘ಶರಣ್ರೀ’ ಅಂತಾರೆ. ಫೋನಿನಲ್ಲೂ ಅದೇ. ಓಣಿಗೆ ನಾಲ್ಕು ಜನ ಶರಣಪ್ಪ, ಇಬ್ಬರು ಶರಣಮ್ಮ ಇರುವ ಊರು ನಮ್ಮದು. ಹೋಳಿ ಮುಗಿದ ಮೇಲೆ ಶರಣಬಸವೇಶ್ವರ ಜಾತ್ರೆಯ ತೇರಿಗೆ ಸುತ್ತಲಿನ ಹಳ್ಳಿಗಳೆಲ್ಲ ಬಂದು ಸೇರುತ್ತವೆ. ಆಗ ಕೈ ಮುಗಿದು ಹೇಳುವುದೂ ಈ ಪದವನ್ನೇ. ಬಸವಕಲ್ಯಾಣ ಇಲ್ಲಿಂದ ಎರಡು ಗಂಟೆ ದಾರಿ. 12ನೇ ಶತಮಾನದಲ್ಲಿ ಅಲ್ಲಿ ಸೇರಿದವರು ಮೇಲು ಕೀಳು ನೋಡದೆ ಒಬ್ಬರಿಗೊಬ್ಬರು ಹೇಳಿಕೊಂಡ ಮಾತು ಅದು.

ಅದೇ ಪದವನ್ನು ನೀವು ದಿನ ಬಿಟ್ಟು ದಿನ ಸಾವಿನ ಸುದ್ದಿಗೆ ಹಚ್ಚುತ್ತೀರಿ. ‘ರೈತ ಆತ್ಮಹತ್ಯೆಗೆ ಶರಣು’. ‘ಗೃಹಿಣಿ ಆತ್ಮಹತ್ಯೆಗೆ ಶರಣು’. ‘ಪಿಯು ವಿದ್ಯಾರ್ಥಿನಿ ಆತ್ಮಹತ್ಯೆಗೆ ಶರಣು’. ಕೆಲವು ಸಲ ಆತ್ಮಹತ್ಯೆ ಅನ್ನೋ ಪದದ ಜಾಗದಲ್ಲಿ ಯಾವುದರಿಂದ ಸತ್ತರು ಅನ್ನೋದನ್ನೇ ಹಾಕಿ, ಅದಕ್ಕೆ ‘ಶರಣು’ ಅಂತೀರಿ. ಆ ಹೆಡ್ಡಿಂಗ್‌ಗಳನ್ನು ನಾನಿಲ್ಲಿ ಬರೆಯಲ್ಲ. ನಿಮಗೆ ಗೊತ್ತೇ ಇವೆ. ನನಗೂ ಚೆನ್ನಾಗಿ ಗೊತ್ತು, ಯಾಕಂದ್ರೆ ಹದಿನಾಲ್ಕು ವರ್ಷ ನಾನೂ ಅವನ್ನೇ ಬರೆದೆ.

ಇದೇ ಊರಿನ ಒಂದು ಪತ್ರಿಕೆಯಲ್ಲಿ ಉಪಸಂಪಾದಕನಾಗಿದ್ದೆ. ಜಿಲ್ಲಾ ಪುಟ ನನ್ನದು. ರಾತ್ರಿ ಹತ್ತೂವರೆ ಆದ ಮೇಲೆ ತಾಲ್ಲೂಕಿನ ಅರೆಕಾಲಿಕ ವರದಿಗಾರರ ಕೊನೆಯ ಕಾಪಿ ಬರುತ್ತಿತ್ತು. ಪುಟ ಬಿಡಬೇಕು, ಉಳಿದಿರೋದು ಒಂದು ಸಿಂಗಲ್ ಕಾಲಂ. ‘ಆತ್ಮಹತ್ಯೆ ಮಾಡಿಕೊಂಡ’ ಅಂತ ಹಾಕಿದರೆ ಸಾಲು ಮುರಿಯುತ್ತೆ. ‘ಶರಣು’ ಮೂರೇ ಅಕ್ಷರ. ಜೊತೆಗೆ ಇನ್ನೊಂದು ಅನುಕೂಲ. ಮಾಡಿಕೊಂಡನೋ, ಮಾಡಿಕೊಂಡಳೋ, ಮಾಡಿಕೊಂಡರೋ ಅಂತ ತಲೆ ಕೆಡಿಸಿಕೊಳ್ಳಬೇಕಿಲ್ಲ. ಗಂಡಸು, ಹೆಂಗಸು, ಇಡೀ ಸಂಸಾರ, ಯಾರು ಹೋದರೂ ಅದೇ ‘ಶರಣು’ ಕೂರುತ್ತೆ. ನನ್ನ ಕೇಳಿದರೆ ಈ ಪದ ನಮ್ಮ ಹೆಡ್ಡಿಂಗ್‌ಗಳಲ್ಲಿ ಇಷ್ಟು ವರ್ಷ ಬಾಳಿದ್ದು ಅಳತೆಗೆ ಸರಿಹೋಗುತ್ತೆ ಅನ್ನೋ ಒಂದೇ ಕಾರಣಕ್ಕೆ. ಅರ್ಥದ ಕಡೆ ಯಾರೂ ನೋಡಲಿಲ್ಲ.

ನೋಡಿದವಳು ಅಂದ್ರೆ ನಮ್ಮವ್ವ. ಆಕೆ ಐವತ್ತು ದಾಟಿದ ಮೇಲೆ ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತವಳು. ಪೇಪರಿನಲ್ಲಿ ಹೆಡ್ಡಿಂಗ್ ಮಾತ್ರ, ಬೆರಳಿಟ್ಟು, ಗಟ್ಟಿಯಾಗಿ ಓದುತ್ತಿದ್ದಳು. ಒಂದು ಬೆಳಿಗ್ಗೆ ಆ ಬೆರಳು ನಿಂತಿತು. “ಇದೇನು ಮಗಾ, ಶರಣು ಅಂತ ಬರದಾರಲ್ಲ. ದೇವರಿಗಿ ಶರಣು ಅಂತಾರ, ಹಿರಿಯರಿಗಿ ಅಂತಾರ. ಸಾವಿಗಿ ಯಾರರ ಶರಣು ಅಂತಾರೇನು?” ನಾನು ನಕ್ಕೆ. “ಅದು ಪೇಪರ್ ಭಾಷಾ, ಅವ್ವಾ” ಅಂದೆ. “ಯಾರು ಬರದಾರ ಇದನ್ನ?” ಅಂದಳು. ನಾನು ಚಹಾದ ಕಪ್ಪು ಎತ್ತಿಕೊಂಡು ಹೊರಗೆ ಹೋದೆ.

ಅಷ್ಟಕ್ಕೇ ಬದಲಾಗಲಿಲ್ಲ. ಇನ್ನೂ ಮೂರು ವರ್ಷ ಅದನ್ನೇ ಬರೆದೆ.

ಆಮೇಲೆ ಒಂದು ಸಲ ಆಳಂದ ತಾಲ್ಲೂಕಿನ ಒಂದು ಹಳ್ಳಿಗೆ ಹೋಗಬೇಕಾಯಿತು. ಹಿಂದಿನ ವರ್ಷ ತೊಗರಿಗೆ ನೆಟೆ ರೋಗ ಬಿದ್ದು ಹೊಲಕ್ಕೆ ಹೊಲವೇ ಒಣಗಿತ್ತು. ನಮ್ಮ ಜಿಲ್ಲೆಯನ್ನು ತೊಗರಿ ಕಣಜ ಅಂತಾರೆ, 2019ರಲ್ಲಿ ಕಲಬುರಗಿ ತೊಗರಿ ಬೇಳೆಗೆ ಭೌಗೋಳಿಕ ಗುರುತಿನ ಜಿಐ ಟ್ಯಾಗ್ ಕೂಡ ಸಿಕ್ಕಿದೆ. ಆದರೆ ನೆಟೆ ಬಿದ್ದ ವರ್ಷ ಆ ಹೆಸರಿನಿಂದ ಏನೂ ಆಗಲ್ಲ. ಹೂ ಬಿಡೋ ಹೊತ್ತಿಗೆ ಗಿಡ ನಿಂತಲ್ಲೇ ಬಾಡುತ್ತೆ. ಆ ಊರಿನ ಒಬ್ಬ ರೈತರು ಹೋದ ಸುದ್ದಿಗೆ ಹೆಡ್ಡಿಂಗ್ ಕೊಟ್ಟವನು ನಾನೇ. ‘ಸಾಲಬಾಧೆ: ರೈತ ಆತ್ಮಹತ್ಯೆಗೆ ಶರಣು’. ಒಂದು ವರ್ಷದ ಮೇಲೆ ಆ ಮನೆಯವರ ಸ್ಥಿತಿ ಏನಾಗಿದೆ ಅಂತ ಬರೆಯೋಕೆ ಹೋಗಿದ್ದೆ.

ಅವರ ಹೆಂಡತಿ ಒಳಗಿಂದ ಒಂದು ಪ್ಲಾಸ್ಟಿಕ್ ಚೀಲ ತಂದರು. ಪಹಣಿ, ಆಧಾರ್, ಸೊಸೈಟಿಯ ನೋಟಿಸ್, ಮರಣೋತ್ತರ ಪರೀಕ್ಷೆಯ ವರದಿ. ಎಲ್ಲದರ ಮೇಲೆ ನನ್ನ ಸುದ್ದಿ. ಕತ್ತರಿಸಿ, ಲ್ಯಾಮಿನೇಷನ್ ಮಾಡಿಸಿ ಇಟ್ಟಿದ್ದರು. ಆಫೀಸಿನಲ್ಲಿ ತೋರಿಸಬೇಕಾಗುತ್ತೆ ಅಂತ ಯಾರೋ ಹೇಳಿದ್ದರಂತೆ. ಏಳನೇ ಕ್ಲಾಸಿನ ಮಗ ಬಾಗಿಲಲ್ಲಿ ನಿಂತಿದ್ದ. ಅವನ ಪೂರ್ತಿ ಹೆಸರು ಬೇಡ. ಊರಲ್ಲಿ ಎಲ್ಲರೂ ಅವನನ್ನು ಕರೆಯೋದು ಅದೇ ಮೂರಕ್ಷರದಲ್ಲಿ. ನಾನು ಪೇಪರಿನವನು ಅಂತ ಗೊತ್ತಾದ ಮೇಲೆ ಅವನು ಕೇಳಿದ್ದು ಒಂದೇ ಮಾತು.

“ಇದರಾಗ ನನ್ನ ಹೆಸರು ಯಾಕದ ರೀ?”

ನನಗೆ ಉತ್ತರ ಹೊಳೆಯಲಿಲ್ಲ. ಅವನ ತಾಯಿ “ಸುಮ್ಮನಿರು” ಅಂತ ಗದರಿಸಿದರು. ಆ ಹುಡುಗನಿಗೆ ಕೊಡಬೇಕಾಗಿದ್ದ ಉತ್ತರವನ್ನೇ ಈಗ ನಿಮಗೆ ಬರೆಯುತ್ತಿದ್ದೇನೆ ಅಂದುಕೊಳ್ಳಿ.

ಶರಣು ಅಂದರೆ ಆಸರೆ. ಮಳೆ ಬಂದಾಗ ಓಡಿಹೋಗಿ ನಿಲ್ಲುವ ಸೂರಿನಂಥದ್ದು. ಯಾರಿಗಾದರೂ ಶರಣು ಅನ್ನುವಾಗ ನೀನಿದ್ದೀಯ, ನನಗಿನ್ನು ಭಯವಿಲ್ಲ ಅನ್ನೋ ಭಾವ ಅದರಲ್ಲಿದೆ. ಈಗ ‘ಆತ್ಮಹತ್ಯೆಗೆ ಶರಣು’ ಅಂದಾಗ ಆಸರೆ ಯಾವುದಾಯಿತು? ರಾತ್ರಿ ಎರಡು ಗಂಟೆಗೆ ನಿದ್ದೆ ಬಾರದೆ, ದಾರಿ ಕಾಣದೆ ಕೂತವನು ಮೊಬೈಲಿನಲ್ಲಿ ಈ ಸಾಲು ನೋಡಿದರೆ? ಅವನ ಸಂಕಟಕ್ಕೆ ಸಾವೇ ಸೂರು ಅಂತ ನಾವು ಹೇಳಿದ ಹಾಗಾಯ್ತಲ್ವಾ?

ಶರಣಾಗೋದು ಅಂದರೆ ಸೋತು ಒಪ್ಪಿಸಿಕೊಳ್ಳೋದು ಅನ್ನೋ ಅರ್ಥವೂ ಇದೆ, ಒಪ್ಪುತ್ತೇನೆ. 2025ರ ಜನವರಿಯಲ್ಲಿ ಆರು ಮಂದಿ ನಕ್ಸಲರು ಮುಖ್ಯಮಂತ್ರಿಗಳ ಎದುರು ಶರಣಾದರು ಅಂತ ಎಲ್ಲರೂ ಬರೆದಿರಿ. ಅಲ್ಲಿ ಪದ ಸರಿಯಾಗೇ ಇದೆ. ಅವರು ಯೋಚಿಸಿ, ಮಾತುಕತೆ ಮಾಡಿ, ಬಂದೂಕು ಬಿಟ್ಟರು. ಜೀವ ಕಳೆದುಕೊಂಡವರು ಹಾಗೆ ಯಾವ ಒಪ್ಪಂದಕ್ಕೂ ಬಂದಿರಲ್ಲ. ಅವರು ಬೇಡ ಅಂದಿದ್ದು ನೋವನ್ನು. ಆ ಹೊತ್ತಿಗೆ ಅದರಿಂದ ಹೊರಗೆ ಬರುವ ಬೇರೆ ಬಾಗಿಲು ಕಾಣಲಿಲ್ಲ, ಅಷ್ಟೇ. ಅಂಥವರನ್ನು ಸೋತವರು ಅನ್ನೋಕೆ ನಾವ್ಯಾರು?

ಇಲ್ಲಿ ‘ಆತ್ಮಹತ್ಯೆ’ ಅನ್ನೋ ಪದದ ಬಗ್ಗೆಯೂ ಸ್ವಲ್ಪ ಮಾತಾಡಬೇಕು. ಇಂಗ್ಲಿಷಿನವರು ಅವರ ‘ಕಮಿಟ್’ ಅನ್ನೋ ಕ್ರಿಯಾಪದ ಸರಿಯಿಲ್ಲ, ಅಪರಾಧ ಎಸಗಿದ ಹಾಗೆ ಕೇಳುತ್ತೆ ಅಂತ ಬಹಳ ದಿನದಿಂದ ಚರ್ಚೆ ಮಾಡುತ್ತಿದ್ದಾರೆ. ನಮ್ಮಲ್ಲಿ ಕ್ರಿಯಾಪದದ ತಪ್ಪೇನಿಲ್ಲ. ‘ಮಾಡಿಕೊಂಡ’ ಅನ್ನೋದು ಸಾದಾ ಪದ. ಕಾಲಿಗೆ ಪೆಟ್ಟು ಮಾಡಿಕೊಂಡ, ಮದುವೆ ಮಾಡಿಕೊಂಡ, ಎಲ್ಲಕ್ಕೂ ಬರುತ್ತೆ. ನಮ್ಮ ತೊಂದರೆ ಇರೋದು ನಾಮಪದದಲ್ಲಿ. ಹತ್ಯೆ ಅಂದರೆ ಕೊಲೆ. ಗೋಹತ್ಯೆ, ಭ್ರೂಣಹತ್ಯೆ, ಬ್ರಹ್ಮಹತ್ಯೆ ಅನ್ನೋ ಸಾಲಿನಲ್ಲಿ ಇದನ್ನೂ ಕೂರಿಸಿದ್ದೀವಿ. ಇನ್ನು ಆತ್ಮ ಅಂದರೆ ಇಲ್ಲಿ ತಾನು ಅಂತಷ್ಟೇ. ಆತ್ಮಕಥೆ ಅಂದರೆ ದೆವ್ವದ ಕಥೆ ಅಲ್ವಲ್ಲ, ಹಾಗೆ. ಆದರೆ ಕನ್ನಡದ ಕಿವಿಗೆ ಆತ್ಮ ಅಂದ ಕೂಡಲೇ ಸತ್ತ ಮೇಲೂ ಉಳಿಯೋದು ನೆನಪಾಗುತ್ತೆ. ಹಾಗಾಗಿ ಆತ್ಮಹತ್ಯೆ ಅಂದರೆ ಕೊಲೆಗಿಂತ ದೊಡ್ಡ ಪಾಪ ಅನ್ನೋ ನೆರಳು ಬಂದು ಕೂರುತ್ತೆ. ಸತ್ತವರ ಮನೆಯವರು ಆ ನೆರಳಲ್ಲೇ ಬದುಕಬೇಕು.

ನಮ್ಮೂರಲ್ಲಿ ಉರ್ದು ಪತ್ರಿಕೆ ಓದುವವರೂ ಬೇಕಾದಷ್ಟು ಜನ. ಅವರ ಪದ ಖುದ್‌ಕುಶಿ. ಚಿಕ್ಕವನಿದ್ದಾಗ ಅದರಲ್ಲಿ ಖುಷಿ ಇದೆ ಅಂದುಕೊಂಡಿದ್ದೆ. ಇಲ್ಲ. ಪರ್ಷಿಯನ್ ಭಾಷೆಯಲ್ಲಿ ‘ಕುಶಿ’ ಅಂದರೆ ಕೊಲ್ಲುವುದು. ಅಲ್ಲೂ ಅದೇ ಕಥೆ.

ಇನ್ನೊಂದು ನೋಡಿ. ಬಾಂಬು ಕಟ್ಟಿಕೊಂಡು ಬಂದು ಹತ್ತಾರು ಜನರನ್ನು ಕೊಲ್ಲುವವನಿಗೆ ನಾವು ಕನ್ನಡದಲ್ಲಿ ಏನಂತೀವಿ? ಆತ್ಮಾಹುತಿ ಬಾಂಬರ್. ಆಹುತಿ ಅಂದರೆ ಹೋಮಕ್ಕೆ ಹಾಕುವ ಪವಿತ್ರ ವಸ್ತು. ಊರಿಗೆಲ್ಲ ಅನ್ನ ಹಾಕಿ ತಾನೊಬ್ಬನೇ ಹೋದ ರೈತನಿಗೆ ‘ಹತ್ಯೆ’. ಇನ್ನೊಬ್ಬರ ಜೀವ ತೆಗೆದವನಿಗೆ ‘ಆಹುತಿ’. ಇದನ್ನು ಯಾರೂ ಕೂತು ತೀರ್ಮಾನಿಸಿದ್ದಲ್ಲ, ಡೆಸ್ಕ್‌ನಲ್ಲಿ ನಮ್ಮಂಥವರ ಕೈಯಿಂದ ಸುಮ್ನೆ ಬಂದುಬಿಟ್ಟಿದೆ.

ಹಳಬರು ಈ ವಿಷಯದಲ್ಲಿ ಪದಗಳನ್ನು ನೋಡಿ ಬಳಸುತ್ತಿದ್ದರು. ನಮ್ಮ ಸೇಡಂ ತಾಲ್ಲೂಕಿನ ಮಳಖೇಡ ರಾಷ್ಟ್ರಕೂಟರ ರಾಜಧಾನಿ. ಆ ವಂಶದ ನಾಲ್ಕನೇ ಇಂದ್ರ 982ರಲ್ಲಿ ಶ್ರವಣಬೆಳಗೊಳದಲ್ಲಿ ಜೈನರ ಸಲ್ಲೇಖನ ಅನ್ನೋ ಉಪವಾಸ ವ್ರತದಿಂದ ಪ್ರಾಣ ಬಿಟ್ಟ. ಅದನ್ನು ಶಾಸನದವರು ಹತ್ಯೆ ಅನ್ನಲಿಲ್ಲ. ಸಾವಿರ ವರ್ಷ ಆದ ಮೇಲೆ, 2015ರಲ್ಲಿ, ಈ ವ್ರತವೂ ಆತ್ಮಹತ್ಯೆಯೇ ಅಂತ ರಾಜಸ್ಥಾನ ಹೈಕೋರ್ಟ್ ಹೇಳಿತು. ಅದೇ ತಿಂಗಳು ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಯಾರದು ಸರಿ ಅನ್ನೋ ವಾದ ಇಲ್ಲಿ ಬೇಡ. ಒಂದು ಪದ ಎಲ್ಲಿಂದ ಎಲ್ಲಿವರೆಗೆ ಅಂತ ತೀರ್ಮಾನಿಸೋಕೆ ಕೋರ್ಟುಗಳೇ ಅಷ್ಟು ಒದ್ದಾಡುವಾಗ, ನಾವು ಹತ್ತೂವರೆಗೆ ಪುಟ ಬಿಡೋ ಗಡಿಬಿಡಿಯಲ್ಲಿ ತೀರ್ಮಾನಿಸಿಬಿಡುತ್ತಿದ್ದೆವು.

ಹಾಗಂತ ಆತ್ಮಹತ್ಯೆ ಅನ್ನೋ ಪದವನ್ನೇ ಕಿತ್ತುಹಾಕಿ ಅಂತ ನಾನು ಕೇಳುತ್ತಿಲ್ಲ. ಅದರ ಬದಲು ಸಂಸ್ಕೃತದಿಂದ ಹೊಸದೊಂದು ಹೊಸೆದರೆ ಯಾರ ಬಾಯಲ್ಲೂ ಉಳಿಯಲ್ಲ. ಅಲ್ಲದೆ ಆ ಪದ ಬೇಕಾದವರೂ ಇದ್ದಾರೆ. ಆಳಂದದ ಆ ತಾಯಿಗೆ ಅದು ಬೇಕು. ಸಾಲದಿಂದ ಜೀವ ಕಳೆದುಕೊಂಡ ರೈತರ ಕುಟುಂಬಕ್ಕೆ 2015ರಿಂದ ನಮ್ಮ ಸರ್ಕಾರ 5 ಲಕ್ಷ ರೂಪಾಯಿ ಪರಿಹಾರ ಕೊಡುತ್ತಿದೆ. ಉಪವಿಭಾಗಾಧಿಕಾರಿಗಳ ಸಮಿತಿ ಕೂತು ಅರ್ಹ, ಅನರ್ಹ ಅಂತ ಬರೆಯಬೇಕು. ಆ ಫೈಲಿನಲ್ಲಿ ‘ರೈತ ಆತ್ಮಹತ್ಯೆ’ ಅಂತ ಇದ್ದರೇನೇ ದುಡ್ಡು. ಮನೆಯಲ್ಲಿ ಬಾಯಿಬಿಟ್ಟು ಹೇಳಲಾಗದ ಪದವನ್ನು ಆಕೆ ಕಚೇರಿ ಕಚೇರಿಗೆ ಹೊತ್ತುಕೊಂಡು ಹೋಗಿ, ಹೌದು ಅದೇ, ಅದೇ ಅಂತ ಸಾಬೀತು ಮಾಡಬೇಕು. ಮೊದಲೇ ಇಷ್ಟು ಭಾರ ಇರುವ ಪದದ ಹಿಂದೆ ನಾವು ‘ಶರಣು’ವನ್ನೂ ಕಟ್ಟಿ ಕಳಿಸಿದ್ದೆವು.

ನಿಮ್ಮಲ್ಲಿ ಹಲವರು ಈ ಸುದ್ದಿಗಳನ್ನು ಇವತ್ತಿಗೂ ‘ಅಪರಾಧ’ ಅನ್ನೋ ಪಟ್ಟಿಯ ಕೆಳಗೆ, ಕಳ್ಳತನದ ಪಕ್ಕ ಹಾಕುತ್ತೀರಿ. ಕಾನೂನು ಎಲ್ಲಿಗೋ ಹೋಗಿಬಿಟ್ಟಿದೆ. 1860ರ ದಂಡ ಸಂಹಿತೆಯ 309ನೇ ಕಲಂ ಪ್ರಕಾರ ಆತ್ಮಹತ್ಯೆಗೆ ಯತ್ನಿಸಿ ಬದುಕಿ ಉಳಿದರೆ ಒಂದು ವರ್ಷದವರೆಗೆ ಸೆರೆವಾಸವಿತ್ತು. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಸೆಕ್ಷನ್ ಇದನ್ನು ತಿರುಗಿಸಿತು. ಅಂಥವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ತಿಳಿಯಬೇಕು, ಶಿಕ್ಷೆ ಕೊಡಬಾರದು, ಆರೈಕೆ ಕೊಡುವುದು ಸರ್ಕಾರದ ಹೊಣೆ ಅಂತ ಹೇಳಿತು. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಹಳೇ ಕಲಂ ಇಲ್ಲವೇ ಇಲ್ಲ. ಸರ್ಕಾರಿ ನೌಕರರ ಕೆಲಸ ತಡೆಯೋಕೆ ಅಂತ ಯತ್ನಿಸಿದರೆ ಮಾತ್ರ ಈಗ ಅದು ಅಪರಾಧ. ಇನ್ನೊಬ್ಬರನ್ನು ಆ ಸ್ಥಿತಿಗೆ ದೂಡಿದವರ ಮೇಲಿನ ಪ್ರಚೋದನೆಯ ಕೇಸು ಮೊದಲಿನಂತೆಯೇ ಇದೆ. ಅಪರಾಧ ಪುಟದಲ್ಲಿ ಹಾಕೋದಾದರೆ ಅದನ್ನು ಹಾಕಿ.

ಇನ್ನು ಒಳಗಿನ ಕಾಪಿ. ‘ಹೊಟ್ಟೆನೋವು ತಾಳಲಾರದೆ ಜೀವನದಲ್ಲಿ ಜಿಗುಪ್ಸೆಗೊಂಡು’. ಈ ಸಾಲು ಎಷ್ಟು ಸಲ ಬರೆದಿದ್ದೇವೆ? ಪೊಲೀಸ್ ಫಿರ್ಯಾದಿಯಲ್ಲಿ ಇದ್ದದ್ದನ್ನು ವರದಿಗಾರ ಹಾಗೇ ಕಳಿಸುತ್ತಾನೆ, ನಾವು ಹಾಗೇ ಬಿಡುತ್ತೇವೆ. ಬರೀ ಹೊಟ್ಟೆನೋವಿಗೆ ಯಾರೂ ಹೋಗಲ್ಲ ಅಂತ ಠಾಣೆಗೂ ಗೊತ್ತು, ಮನೆಯವರಿಗೂ ಗೊತ್ತು, ನಮಗೂ ಗೊತ್ತು. ಕೇಸು, ಸುತ್ತಾಟ, ಊರ ಬಾಯಿ, ಇವುಗಳಿಂದ ತಪ್ಪಿಸಿಕೊಳ್ಳೋಕೆ ಮನೆಯವರು ಕಂಡುಕೊಂಡ ದಾರಿ ಅದು. ಅವರನ್ನು ನಾನು ತಪ್ಪು ಅನ್ನಲ್ಲ. ಆದರೆ ನಾವು ಅದನ್ನು ಅಚ್ಚು ಹಾಕಿದಾಗ ಒಂದು ಸಾವಿಗೆ ಒಂದೇ ಕಾರಣ ಅನ್ನೋ ಸುಳ್ಳನ್ನು ದಿನಾ ಹಂಚಿದ ಹಾಗಾಗುತ್ತೆ. ‘ಮೊಬೈಲ್ ಕೊಡಿಸದ್ದಕ್ಕೆ’, ‘ತಾಯಿ ಬೈದಿದ್ದಕ್ಕೆ’. ಆ ತಾಯಿ ಉಳಿದ ಆಯುಷ್ಯ ಪೂರ್ತಿ ಆ ಹೆಡ್ಡಿಂಗ್ ಹೊತ್ತುಕೊಂಡೇ ಓಡಾಡಬೇಕಲ್ವಾ?

ಹೇಗೆ ಬರೆದರೂ ಒಂದೇ, ಸಾಯೋರು ಸಾಯ್ತಾರೆ ಅನ್ನೋ ಮಾತನ್ನು ಡೆಸ್ಕ್‌ನಲ್ಲಿ ನಾನೂ ಆಡಿದ್ದೇನೆ. ಅದು ಸುಳ್ಳು. ಆಸ್ಟ್ರಿಯಾದ ವಿಯೆನ್ನಾ ನಗರದ ಮೆಟ್ರೊದಲ್ಲಿ 1980ರ ದಶಕದಲ್ಲಿ ಇಂಥ ಸಾವುಗಳು ಏರುತ್ತಾ ಹೋದವು. ಪತ್ರಿಕೆಗಳು ರಸವತ್ತಾಗಿ ಬರೆಯುತ್ತಿದ್ದವು. 1987ರ ನಡುವೆ ಅಲ್ಲಿನ ವೈದ್ಯರು ಪತ್ರಕರ್ತರ ಜೊತೆ ಕೂತು, ಹೀಗೆ ಬರೆಯಬೇಡಿ ಅಂತ ಸೂಚನೆ ಕೊಟ್ಟರು. ಪತ್ರಿಕೆಗಳು ಒಪ್ಪಿದವು. ಆ ವರ್ಷದ ಎರಡನೇ ಅರ್ಧದಲ್ಲಿ ಮೆಟ್ರೊದ ಸಾವುಗಳು ಮೊದಲ ಅರ್ಧಕ್ಕಿಂತ ಶೇ 80ಕ್ಕೂ ಜಾಸ್ತಿ ಇಳಿದವು. ಮೆಟ್ರೊ ಅದೇ, ಊರು ಅದೇ. ನಮ್ಮ ಭಾರತೀಯ ಪತ್ರಿಕಾ ಮಂಡಳಿಯೂ 2019ರಲ್ಲಿ ಇಂಥದ್ದೇ ಸೂಚನೆಗಳನ್ನು ಕೊಟ್ಟಿದೆ. ವಿಧಾನ ಬರೆಯಬೇಡಿ, ಜಾಗ ವಿವರಿಸಬೇಡಿ, ಹೆಡ್ಡಿಂಗ್‌ನಲ್ಲಿ ರೋಚಕತೆ ಬೇಡ, ಫೋಟೊ ಬೇಡ. ನಾನು ಕೆಲಸ ಮಾಡಿದ ಡೆಸ್ಕ್‌ನಲ್ಲಿ ಇದರ ಪ್ರತಿ ಒಂದೂ ಕಾಣಲಿಲ್ಲ.

ದೇಶದಲ್ಲಿ 2022ರಲ್ಲಿ 1,70,924 ಜನ ಹೀಗೆ ಹೋದರು ಅಂತ ರಾಷ್ಟ್ರೀಯ ಅಪರಾಧ ದಾಖಲೆ ಸಂಸ್ಥೆ ಎನ್‌ಸಿಆರ್‌ಬಿ ಲೆಕ್ಕ. ದಿನಕ್ಕೆ 468. ನಮ್ಮ ಸಿಂಗಲ್ ಕಾಲಂಗಳು ಅದರಲ್ಲಿ ತೀರಾ ಚಿಕ್ಕ ಪಾಲು. ಆದರೆ ಓದುವವರು ನಮ್ಮ ಪಕ್ಕದ ಮನೆಯವರು.

ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಎಲ್ಲಕ್ಕಿಂತ ಕೆಟ್ಟದ್ದು. 2024ರಲ್ಲಿ ಯಾದಗಿರಿ ಕೊನೆಯ ಸ್ಥಾನ, 2025ರಲ್ಲಿ ನಮ್ಮ ಕಲಬುರಗಿ. ‘ಮತ್ತೆ ಕೊನೆ’ ಅಂತ ಮುಖಪುಟದಲ್ಲಿ ದೊಡ್ಡದಾಗಿ ಬರೀತೀವಿ. ಅದರ ಕೆಳಗೇ ಫೇಲಾದ ಹುಡುಗನೋ ಹುಡುಗಿಯೋ ‘ಶರಣು’ ಅಂತ ಬಾಕ್ಸ್. ಆ ಬೆಳಿಗ್ಗೆ ಫೇಲಾದ ಸಾವಿರಾರು ಮಕ್ಕಳು ಮನೆಯಲ್ಲಿ ಅದೇ ಪೇಪರ್ ಬಿಡಿಸಿಕೊಂಡು ಕೂತಿರುತ್ತಾರೆ. ಆ ಬಾಕ್ಸ್‌ನಲ್ಲಿ ಮುಂದಿನ ಪರೀಕ್ಷೆ ಯಾವತ್ತು, ಫೀ ಕಟ್ಟೋಕೆ ಕೊನೆಯ ದಿನ ಯಾವುದು ಅಂತ ಹಾಕಿ. ಅದೇ ವರ್ಷ ಮತ್ತೆ ಪರೀಕ್ಷೆ ಬರೆಯೋ ಅವಕಾಶ ಇದೆ ಅನ್ನೋದು ಹಳ್ಳಿಯ ಎಷ್ಟೋ ಮಂದಿ ತಂದೆ ತಾಯಿಗೆ ಗೊತ್ತೇ ಇಲ್ಲ. ಅದರ ಕೆಳಗೆ 14416 ಹಾಕಿ. ಅದು ಟೆಲಿ ಮಾನಸ್ ಸಹಾಯವಾಣಿ, 2022ರ ಅಕ್ಟೋಬರ್‌ನಿಂದ ಇದೆ, ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು. ಮನಸ್ಸು ಭಾರ ಆಗಿ ಈ ಪತ್ರ ಓದುತ್ತಿರುವವರು ಯಾರಾದರೂ ಇದ್ದರೆ, ಪತ್ರ ಇಲ್ಲೇ ಬಿಟ್ಟು ಮೊದಲು ಆ ನಂಬರಿಗೆ ಮಾಡಿ. ಪತ್ರ ಎಲ್ಲೂ ಹೋಗಲ್ಲ.

ಶರಣು ಬೇಡ ಅಂದರೆ ಏನು ಬರೆಯೋಣ ಅಂತ ಕೇಳುತ್ತೀರಿ. ಜನ ಏನಂತಾರೆ ಕೇಳಿ. ನಮ್ಮ ಹಳ್ಳಿಗಳಲ್ಲಿ ‘ಆತ್ಮಹತ್ಯೆ’ ಅನ್ನೋದನ್ನು ಪೇಪರ್ ಮತ್ತು ಪೊಲೀಸರು ಬಿಟ್ಟರೆ ಯಾರೂ ಅಷ್ಟಾಗಿ ಅನ್ನಲ್ಲ. ಮಗ ಸಪ್ಪಗಿದ್ದರೆ ತಾಯಿ “ಅವನ ಮ್ಯಾಲ ಒಂದು ಕಣ್ಣಿಡ್ರಿ, ಜೀವಕ್ಕ ಏನರ ಮಾಡ್ಕೊಂಡಾನು” ಅಂತಾಳೆ. ಹೋದ ಮೇಲೆ “ಜೀವಾ ಕಳಕೊಂಡ” ಅಂತಾರೆ. ಹಬ್ಬದ ಸಂತೆಯಲ್ಲಿ ರೊಕ್ಕ ಕಳಕೊಂಡ, ಜಾತ್ರೆಯಲ್ಲಿ ಮಗುವನ್ನು ಕಳಕೊಂಡ ಅಂತಾರಲ್ಲ, ಅದೇ ಮಾತು. ಅದರಲ್ಲಿ ಬೈಗುಳ ಇಲ್ಲ. ಹೊಗಳಿಕೆಯೂ ಇಲ್ಲ. ಬೆಲೆಯುಳ್ಳದ್ದು ಒಂದು ಹೋಯಿತು, ಹೋಗಬಾರದಿತ್ತು ಅಂತ ಮಾತ್ರ ಇದೆ. ಕಳೆದುಹೋಗುವ ಮೊದಲೇ ಹುಡುಕಿದರೆ ಸಿಗುತ್ತಿತ್ತು ಅನ್ನೋದೂ ಅದರೊಳಗೇ ಇದೆ.

ಅಳತೆಯ ಚಿಂತೆ ನಿಮಗೆ ಬೇಡ. ಹಳೇ ಚಟ, ಮನೆಯ ಕಂಪ್ಯೂಟರಿನಲ್ಲಿ ನುಡಿ ಫಾಂಟ್ ಹಾಕಿ, 24 ಪಾಯಿಂಟ್‌ನಲ್ಲಿ ಇಟ್ಟು ನೋಡಿದೆ. ‘ಜೀವ ಕಳೆದುಕೊಂಡ ರೈತ’ ಸಿಂಗಲ್ ಕಾಲಂನಲ್ಲಿ ಎರಡು ಸಾಲಿಗೆ ಕೂರುತ್ತೆ. ಮೊದಲ ಸಾಲಿಗೆ ‘ಜೀವ’, ಎರಡನೆಯದಕ್ಕೆ ಉಳಿದದ್ದು. ಸ್ವಲ್ಪ ಬಿಗಿ ಅನ್ನಿಸಿದರೆ ಅರ್ಧ ಪಾಯಿಂಟ್ ಇಳಿಸಿ.

ಇಂತಿ,
ಒಬ್ಬ ಹಳೇ ಉಪಸಂಪಾದಕ
ಕಲಬುರಗಿ